ರಾಮಪತ್ರೆಗೆ ದಾರಿ ಹೇಳಿದವರು

ಕಬ್ಬಿಣದ ಬೀರು ತೆರೆಯುವ ಸದ್ದು. ಮೊದಲು ಕೀಲಿ ಎರಡು ಸಲ ತಿರುಗುತ್ತದೆ, ಹಿಡಿಕೆ ಕಿರ್ರ್ ಅನ್ನುತ್ತದೆ, ಬಾಗಿಲು ಮಾತ್ರ ಬರುವುದಿಲ್ಲ. ಕಾರ್ಯದರ್ಶಿಯವರು ಕೆಳಗಡೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟ ಮೇಲೆ ಢಬ್ ಎಂದು ತೆರೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಮೂರು ದಿನ, ಮೂರು ತಾಲ್ಲೂಕು, ಮೂರು ಪಂಚಾಯತಿ ಕಚೇರಿ ಸುತ್ತಿದೆ. ಘಟ್ಟದ ಹಕ್ಕಿಗಳು ಕೂಗಲಿಲ್ಲವೆಂದಲ್ಲ, ನಾನೂ ಕೇಳಿದೆ. ಆದರೆ ಶಿರಸಿ, ಯಲ್ಲಾಪುರ, ಸಿದ್ದಾಪುರ ಎಂದರೆ ಈಗಲೂ ಮೊದಲು ಕಿವಿಗೆ ಬರುವುದು ಆ ಢಬ್.

ಹೋದದ್ದು ಊರು ನೋಡಲಿಕ್ಕಲ್ಲ. ನನಗೆ ಎಪ್ಪತ್ತೊಂದು, ಊರು ನೋಡುವ ಆಸೆ ಮೊಣಕಾಲಿನ ಜೊತೆಗೇ ಸವೆದಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದ ಮೇಲೆ, ಇಂಗ್ಲಿಷಿನಲ್ಲಿ ತುಂಬಬೇಕಾದ ಫಾರ್ಮುಗಳನ್ನು ಯೋಜನೆಗಳವರಿಗೆ ತುಂಬಿಕೊಡುತ್ತ ಬಂದಿದ್ದೇನೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆರಳ ಗಂಟಿಗೆ ಹೊಡೆದು ಕಲಿಸಿದ ಗ್ರಾಮರ್ ಈ ವಯಸ್ಸಿನಲ್ಲಿ ಔಷಧದ ಖರ್ಚಿಗಾಗುತ್ತದೆ.

ಈ ಸಲದ ಯೋಜನೆಯ ಹೆಸರು ಉದ್ದ, ಅರ್ಥ ಸಣ್ಣದು. ಪಂಚಾಯತಿಯ ಬೀರುವಿನೊಳಗಿನ ಕಾಗದಗಳನ್ನೆಲ್ಲ, ಅಂದರೆ ಸಭೆಯ ನಡಾವಳಿ, ಮನೆ ಮಂಜೂರಾದವರ ಪಟ್ಟಿ, ಕಾಮಗಾರಿಯ ಕಡತ, ಇರುವ ರಿಜಿಸ್ಟರುಗಳು, ಎಲ್ಲವನ್ನೂ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುವುದು. ಯಾರೂ ಯಾರ ಕೈಕಾಲು ಹಿಡಿಯದೆ ನೋಡಬಹುದು. ಓಪನ್ ಗವರ್ನಮೆಂಟ್. ಒಳ್ಳೆಯ ಕೆಲಸ, ಈಗಲೂ ಹಾಗೆಯೇ ಅನ್ನುತ್ತೇನೆ. ಹಣ ಕೊಡುವವರದು ಒಂದು ನಿಯಮವಿತ್ತು: ತೆರೆಯುವ ಮೊದಲು ಸ್ಕ್ರೀನಿಂಗ್ ಆಗಬೇಕು. ಇದರಿಂದ ಮರ ಕಡಿಯಬೇಕಾಗುತ್ತದೆಯೇ, ಯಾರನ್ನಾದರೂ ಎಬ್ಬಿಸಬೇಕಾಗುತ್ತದೆಯೇ, ಯಾರ ಜೀವನೋಪಾಯಕ್ಕಾದರೂ ಪೆಟ್ಟು ಬೀಳುತ್ತದೆಯೇ ಎಂದು ನಲವತ್ತೆರಡು ಪ್ರಶ್ನೆ. ಪ್ರತಿಯೊಂದಕ್ಕೂ ಯೆಸ್ ಅಥವಾ ನೋ. ನಾನು ಹೋಗಿ, ನೋಡಿ, ಟಿಕ್ ಹಾಕಿ, ಸಹಿ ಮಾಡಬೇಕು.

ಧಾರವಾಡದಿಂದ ಬೆಳಿಗ್ಗೆ ಆರೂವರೆಗೆ ಹೊರಟು, ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಮುಂಡಗೋಡದ ಮೇಲಿಂದ ಶಿರಸಿ ಮುಟ್ಟುವಷ್ಟರಲ್ಲಿ ಹನ್ನೊಂದಾಯಿತು. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಕಂಡಕ್ಟರ್ ನನ್ನ ಕಾರ್ಡನ್ನು ಬೆಳಕಿಗೆ ಹಿಡಿದ.

"ಅಜ್ಜೀ, ಫೋಟೋದಾಗ ಇರಾಕಿ ನೀವ ಏನ್ರಿ?"

"ನಾನೇಪ್ಪ. ಹತ್ತು ವರ್ಷದ ಹಿಂದಿನವಳು."

"ಹಂಗಾರ ಆಕೀಗೂ ಒಂದು ಟಿಕೆಟ್ ಹರಿಲೇನ್ರಿ? ಹೆಂಗೂ ಫ್ರೀ ಐತಿ."

ಹಿಂದಿನ ಸೀಟಿನವರು ನಕ್ಕರು. ನಾನೂ ನಕ್ಕೆ. ಆ ದಿನ ನಗುವ ಶಕ್ತಿ ಇದ್ದದ್ದು ಅಲ್ಲಿಯತನಕ ಮಾತ್ರ.

ಶಿರಸಿಯಲ್ಲಿ ಯೋಜನೆಯ ಕೋಆರ್ಡಿನೇಟರ್ ಸುಧಾಕರ ಕಾದಿದ್ದ. ನಲವತ್ತರ ಆಸುಪಾಸಿನ ಬೆಂಗಳೂರಿನವನು, ಮರ್ಯಾದಸ್ಥ, ಫೋನು ಕಿವಿಯಿಂದ ಇಳಿಸದವನು. ಬಾಡಿಗೆ ಕಾರಿನ ಚಾಲಕ ಇಮ್ತಿಯಾಜ್ ಶಿರಸಿಯವರೇ; ನಾನು ಬಾಗಿಲು ಹಿಡಿದು ಹತ್ತುವುದನ್ನು ಒಮ್ಮೆ ನೋಡಿ, ಮರುಕ್ಷಣ ಡಿಕ್ಕಿಯಿಂದ ಒಂದು ಮರದ ಮಣೆ ತಂದು ಕಾಲಡಿಗಿಟ್ಟರು. ಮೂರು ದಿನವೂ ಆ ಮಣೆ ನಾನು ಇಳಿಯುವ ಮೊದಲೇ ನೆಲದ ಮೇಲಿರುತ್ತಿತ್ತು. ಲಾಡ್ಜಿಗೆ ದಿನಕ್ಕೆ ಒಂಬೈನೂರು, ಲಿಫ್ಟ್ ಇಲ್ಲ, ಎರಡನೆಯ ಮಹಡಿ.

"ಇದೆಲ್ಲ ಫಾರ್ಮಾಲಿಟಿ ಮೇಡಂ," ಎಂದ ಸುಧಾಕರ. "ನಾವು ಡ್ಯಾಮ್ ಕಟ್ಟಲ್ಲ, ರೋಡ್ ಹಾಕಲ್ಲ. ಇರೋ ಕಾಗದ ತೋರಿಸ್ತೀವಿ ಅಷ್ಟೆ. ಕಾಗದ ತೋರಿಸಿದ್ರೆ ಕಾಡಿಗೆ ಏನಾಗುತ್ತೆ?"

ನನಗೂ ಹಾಗೆಯೇ ಅನಿಸಿತ್ತು. ಹಿಂದಿನ ವರ್ಷ ಇದೇ ಯೋಜನೆಯವರು ಯಲ್ಲಾಪುರ ತಾಲ್ಲೂಕಿನ ಒಂದು ಪಂಚಾಯತಿಯನ್ನು ಪೈಲಟ್ ಎಂದು ಮೊದಲು ತೆರೆದಿದ್ದರು. ಅದರ ಫಾರ್ಮನ್ನು ನಾನು ಹೋಗದೆಯೇ, ಧಾರವಾಡದ ಊಟದ ಟೇಬಲ್ಲಿನ ಮೇಲೆ ತುಂಬಿದ್ದೆ. ನಲವತ್ತೆರಡು ನೋ. ಇಪ್ಪತ್ತು ನಿಮಿಷದ ಕೆಲಸ.

ಮೊದಲ ದಿನದ ಪಂಚಾಯತಿ ಬನವಾಸಿ ದಾರಿಯಲ್ಲಿತ್ತು. ಮಧ್ಯಾಹ್ನ ಎರಡರ ಬಿಸಿಲು, ಕರೆಂಟಿಲ್ಲ. ಕಾರ್ಯದರ್ಶಿ ಹಾವೇರಿ ಕಡೆಯವರು. "ಬರ್ರಿ ಮೇಡಂ, ಕೂಡ್ರಿ, ನೀರು ಕುಡೀರಿ," ಎಂದು ಉಪಚರಿಸಿ ಬೀರುವಿಗೆ ಗುದ್ದು ಕೊಟ್ಟರು. ಕಾಗದವೆಲ್ಲ ಸರಿಯಾಗಿತ್ತು. ಕೊನೆಯಲ್ಲಿ ಜೀವವೈವಿಧ್ಯ ರಿಜಿಸ್ಟರ್ ಬಂತು. ಊರಿನ ಗಿಡ, ಮರ, ಪ್ರಾಣಿ, ಅವು ಇರುವ ಜಾಗ, ಅವನ್ನು ಬಲ್ಲವರ ಹೆಸರು, ಇವನ್ನು ಪ್ರತಿ ಪಂಚಾಯತಿಯೂ ಬರೆದಿಡಬೇಕಾದ ಪುಸ್ತಕ ಅದು. ನಾನು ಹಾಳೆ ತಿರುಗಿಸುತ್ತ ಒಂದು ಕಡೆ ನಿಂತೆ.

"ಇದೇನ್ರೀ, ಬಂಗಡೆ ಮೀನು? ನಿಮ್ಮ ಪಂಚಾಯತಿಯಲ್ಲಿ ಸಮುದ್ರ ಎಲ್ಲಿದೆ?"

"ಸಮುದ್ರ ಇಲ್ರಿ ಮೇಡಂ. ಬಂಗಡೆ ಸಿಗತೈತ್ರಿ, ಸಂತ್ಯಾಗ."

ಆಮೇಲೆ ತಾವೇ ನಕ್ಕು ಒಪ್ಪಿಕೊಂಡರು. ಮೂರು ದಿನದಲ್ಲಿ ರಿಜಿಸ್ಟರ್ ಬೇಕೆಂದು ಮೇಲಿನಿಂದ ಹೇಳಿದ್ದರಂತೆ. ಕರಾವಳಿಯ ಗೆಳೆಯನ ಹತ್ತಿರ ಒಂದಿತ್ತು. ಊರ ಹೆಸರು ತಿದ್ದಿದರು, ಮೀನು ತಿದ್ದಲು ಮರೆತರು. ಸುಧಾಕರ ತಲೆ ಚಚ್ಚಿಕೊಂಡ. ನಾನು ನಲವತ್ತೆರಡು ಸಲ ನೋ ಎಂದು ಟಿಕ್ ಹಾಕಿದೆ. ಆ ಪುಸ್ತಕವನ್ನು ಜಗತ್ತಿಗೆಲ್ಲ ತೋರಿಸಿದರೂ ಒಂದು ಹುಲ್ಲುಕಡ್ಡಿಗೂ ಕೇಡಿರಲಿಲ್ಲ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಕಾಲು ಮೇಲಿಟ್ಟುಕೊಂಡು, ಸುಧಾಕರ ಕಳಿಸಿದ್ದ ಸಿದ್ದಾಪುರದ ರಿಜಿಸ್ಟರನ್ನು ಫೋನಿನಲ್ಲಿ ತೆರೆದೆ. ಹೇರೂರಿನ ಆಚೆಯ ಒಂದು ಪಂಚಾಯತಿಯದು. ಸೋಮವಾರ ಲಾಂಚ್ ಆಗಬೇಕಾದದ್ದು ಅದೇ. "ಅದು ನಮ್ಮ ಶೋಪೀಸ್ ಮೇಡಂ," ಎಂದಿದ್ದ. ನಿಜವೇ. ಯಾರೋ ಶಾಲೆಯ ಟೀಚರು ಊರೆಲ್ಲ ಸುತ್ತಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ನಲವತ್ತೊಂದನೆಯ ಪುಟ ಹೀಗಿತ್ತು:

"ರಾಮಪತ್ರೆ. ದೊಡ್ಡ ಮರ ಮೂರು. ಎರಡು ಹೆಣ್ಣು, ಒಂದು ಗಂಡು. ಟಾರು ರಸ್ತೆ ಬಿಟ್ಟು ಎಡಕ್ಕೆ ಬೇಲಿಯ ದಣಪೆ ದಾಟಿ, ಹಳ್ಳದ ಸಂಕದ ಮೇಲೆ ಆಚೆ ಹೋದರೆ, ಬೇಸಿಗೆಯಲ್ಲೂ ನೀರು ಆರದ ಜಾಗದಲ್ಲಿ ಇವೆ. ಬಿದ್ದು ಒಡೆದ ಕಾಯಿ ಮಾತ್ರ ಹೆಕ್ಕುವುದು. ಮಾಹಿತಿ ಕೊಟ್ಟವರು ಮಾದೇವಿ ನಾಯ್ಕ. ಇವರ ಅತ್ತೆ, ಅತ್ತೆಯ ಅತ್ತೆಯ ಕಾಲದಿಂದ ಇಲ್ಲಿ ಪತ್ರೆ ಹೆಕ್ಕುತ್ತ ಬಂದಿದ್ದಾರೆ."

ರಾಮಪತ್ರೆ ಎಂದರೆ ಜಾಯಿಕಾಯಿಯ ಕಾಡು ನೆಂಟ. ಕಾಯಿ ಒಡೆದರೆ ಬೀಜದ ಮೇಲೆ ಕೆಂಪು ಜಾಲರಿಯಂತೆ ಪತ್ರೆ ಸುತ್ತಿಕೊಂಡಿರುತ್ತದೆ. ಒಣಗಿಸಿ ಶಿರಸಿ ಪೇಟೆಗೆ ಕೊಟ್ಟರೆ ಒಳ್ಳೆಯ ಬೆಲೆ.

ಊಟಕ್ಕೆ ಇಳಿದಾಗ ಈ ಪುಟದ ಬಗ್ಗೆ ಕೇಳಿದೆ. "ಆ ಹೆಂಗಸಾ?" ಎಂದು ನಕ್ಕ ಸುಧಾಕರ. "ವಾರಕ್ಕೊಂದ್ಸಲ ಪಂಚಾಯತಿಗೆ ಬಂದು, ನನ್ನ ಹಾಳೆ ಕಂಪ್ಯೂಟರಿಗೆ ಬಂತಾ ಅಂತ ಕೇಳ್ತಾರಂತೆ." ಮಾದೇವಿಯ ಮನೆ ಇರುವುದು ಅರಣ್ಯ ಜಮೀನಿನಲ್ಲಿ. ಹಕ್ಕು ಕೊಡಿ ಎಂಬ ಅರ್ಜಿ ಒಮ್ಮೆ ತಿರಸ್ಕಾರವಾಗಿದೆ. ತಲೆಮಾರುಗಳಿಂದ ಈ ಕಾಡನ್ನು ನಂಬಿ ಬದುಕಿದವರೆಂಬುದಕ್ಕೆ ದಾಖಲೆ ಸಾಲದು ಎಂದಿದ್ದಾರೆ. ಮುಂದಿನ ವಾರ ಮೇಲ್ಮನವಿಯ ವಿಚಾರಣೆ. ಆಕೆಯ ಅತ್ತೆಯ ಅತ್ತೆ ಕಾಣಿಸಿಕೊಳ್ಳುವ ಸರ್ಕಾರಿ ಕಾಗದ ಈ ಭೂಮಿಯ ಮೇಲೆ ಇದೊಂದೇ.

"ನೋಡಿ, ಓಪನ್ ಆದ್ರೆ ಜನಕ್ಕೆ ಎಷ್ಟು ಉಪಯೋಗ," ಎಂದ. ನಾನೂ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಬನ್ಸ್ ತಿಂದು, ಕಷಾಯ ಕುಡಿದು ಯಲ್ಲಾಪುರಕ್ಕೆ ಹೊರಟೆವು. ಐವತ್ತು ಕಿಲೋಮೀಟರ್ ತಿರುವು. ಹಿಂದಿನ ವರ್ಷದ ಪೈಲಟ್ ಹೇಗಿದೆ ಎಂದು ಎರಡು ಸಾಲು ಬರೆಯಬೇಕಿತ್ತು. ಚಂದಗುಳಿಯ ಗಂಟೆ ಗಣಪತಿಗೆ ಹೋಗೋಣವೇ ಎಂದು ಸುಧಾಕರ ಕೇಳಿದ, ಮೆಟ್ಟಿಲು ಎಷ್ಟೆಂದು ನಾನು ಕೇಳಿದೆ, ಇಬ್ಬರೂ ಸುಮ್ಮನಾದೆವು. ವಜ್ರಳ್ಳಿ ದಾಟಿ ಮುಂದೆ ಹೋಗಿ, ಅಲ್ಲಿಯ ಪಂಚಾಯತಿ ಕಚೇರಿಯಲ್ಲಿ ಬೀರುವಿನ ಢಬ್ ಕೇಳಿಸಿಕೊಂಡು, ರಿಜಿಸ್ಟರ್ ಬರೆಸಿದ ಗಣಪತಿ ಭಟ್ಟರ ಮನೆಗೆ ಹೋದೆವು. ನನಗಿಂತ ಎರಡು ವರ್ಷ ದೊಡ್ಡವರು. ಅವರ ಹೆಂಡತಿ ಮುರುಗಲು ಪಾನಕ ತಂದಿಟ್ಟರು.

"ವೆಬ್‌ಸೈಟಿನಿಂದ ಊರಿಗೆ ಎಂತ ಉಪಯೋಗ ಆಯ್ತು ಸರ್?" ಎಂದು ಸುಧಾಕರ ಅವರ ಭಾಷೆಯನ್ನೇ ಹಿಡಿಯಲು ನೋಡಿದ.

"ಉಪಯೋಗ ಆಗಿದೆ. ನಮಗಲ್ಲ," ಎಂದರು ಭಟ್ಟರು.

ಕೇಳಿದ ಮೇಲೆ ಹೇಳಿದರು. ಈ ಕಡೆ ಮನೆಗಳು ಒಂದಕ್ಕೊಂದು ದೂರ. ಮದುವೆಗೋ ಉಪನಯನಕ್ಕೋ ಕರೆದರೆ ಮನೆ ಸಿಗುವಂತೆ ದಾರಿ ಹೇಳುವುದೂ ಕರೆಯುವವರ ಕರ್ತವ್ಯ. ಬಸ್ಸು ಎಲ್ಲಿ ಇಳಿಯಬೇಕು, ಯಾವ ದಣಪೆ ದಾಟಬೇಕು, ನಾಯಿ ಯಾವ ಮನೆಯದು, ಎಲ್ಲ ಹೇಳುತ್ತಾರೆ. ರಿಜಿಸ್ಟರಿನ 'ಜಾಗ' ಎಂಬ ಕಾಲಮ್ಮಿಗೆ ಭಟ್ಟರು ಹಾಗೆಯೇ ಬರೆಸಿದರು. ರಾಮಪತ್ರೆ ಮರಕ್ಕೆ ನೆಂಟರನ್ನು ಕರೆದ ಹಾಗೆ. ಓದಿದವರು ಯಾರೂ ದಾರಿ ತಪ್ಪುವಂತಿರಲಿಲ್ಲ.

"ಹೋದ ಮಾರ್ಚ್ ತಿಂಗಳು ಒಂದು ಪಿಕಪ್ ಗಾಡಿ ಬಂತು. ಐದು ಜನ. ಕೈಯಲ್ಲಿ ನಮ್ಮದೇ ರಿಜಿಸ್ಟರಿನ ಹಾಳೆ, ಮೇಲೆ ಪಂಚಾಯತಿ ಸೀಲು. ವೆಬ್‌ಸೈಟಿನಲ್ಲಿ ಸಿಕ್ಕಿತು ಅಂದರು. ಸರ್ವೆಯವರು ಅಂತ ಮಾಡಿದೆ. ಸಂಕ ಮುರಿದಿದೆ, ಆ ದಾರಿ ಬೇಡ, ಮೇಲಿಂದ ಬಳಸಿ ಹೋಗಿ ಅಂತ ನಾನೇ ಜಗಲಿ ಇಳಿದು ಹೋಗಿ ತೋರಿಸಿದೆ."

"ಮಜ್ಜಿಗೆನೂ ಕೊಟ್ಟಿದ್ರು," ಎಂದರು ಹೆಂಡತಿ, ಬಾಗಿಲ ಹತ್ತಿರ ನಿಂತು. "ಉಪ್ಪು ಸಾಕಾ ಹೇಳಿ ಬೇರೆ ಕೇಳಿದ್ರು."

"ನೀ ಸುಮ್ನಿರೇ ಮಾರಾಯ್ತಿ, ಆನು ಹೇಳ್ತೆ."

"ಇನ್ನೆಂತ ಹೇಳೂದು ಇದ್ದು? ಹೇಳಿದ್ದೇ ಜಾಸ್ತಿ ಆತು."

ಭಟ್ಟರು ಹೆಂಡತಿಯ ಕಡೆ ನೋಡದೆ ಮುಂದಿನದನ್ನು ಹೇಳಿದರು. ಮರದಲ್ಲಿದ್ದದ್ದು ಹಸಿರು ಕಾಯಿ. ಇನ್ನೂ ಒಡೆಯಲು ತಿಂಗಳಿತ್ತು. ಒಂದೊಂದೇ ಹೆಕ್ಕುವ ತಾಳ್ಮೆ ಬಂದವರಿಗೆ ಇರಲಿಲ್ಲ. ಕೊಂಬೆ ಕೊಂಬೆಯನ್ನೇ ಕಡಿದು ಉರುಳಿಸಿ, ಕಾಯಿ ಕಿತ್ತು ತುಂಬಿಕೊಂಡು ಹೋದರು. ಅಲ್ಲಿ ಪತ್ರೆ ಹೆಕ್ಕುತ್ತಿದ್ದ ಎರಡು ಮನೆಯ ಹೆಂಗಸರು ಸಂಜೆ ಭಟ್ಟರ ಅಂಗಳಕ್ಕೆ ಬಂದು, ಏನೂ ಬೈಯದೆ, ಸುಮ್ಮನೆ ನಿಂತು ಹೋದರಂತೆ. "ಬೈದಿದ್ದರೆ ಆಗಿತ್ತು," ಎಂದರು ಭಟ್ಟರು.

ಮರ ನೋಡಲು ನಾನು ಹೋಗಲಿಲ್ಲ, ಸುಧಾಕರ ಹೋಗಿ ಬಂದ. ಫೋನಿನಲ್ಲಿ ಫೋಟೋ ತೋರಿಸಿದ. ಕೈಗಳನ್ನು ಮೊಣಕೈಗೆ ಕತ್ತರಿಸಿದ ಹಾಗೆ ಐದು ಮರ ನಿಂತಿದ್ದವು. ಆಮೇಲೆ ಶೂಗೆ ಹತ್ತಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಕೂತ.

"ಭಟ್ಟರೇ, ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಫಾರ್ಮಿನಲ್ಲಿ ಬರೆದು ಸಹಿ ಹಾಕಿದವಳು ನಾನು," ಎಂದೆ.

ಅವರು ನನ್ನ ಖಾಲಿ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು. "ಹಾಗಾದರೆ ನಾವಿಬ್ಬರೂ ಒಂದೇ ಕೇಸಿನ ಆರೋಪಿಗಳು. ಇನ್ನೊಂದು ಲೋಟ ಪಾನಕ ತಗೊಳ್ಳಿ."

ಶಿರಸಿಗೆ ಹಿಂದಿರುಗುವಾಗ ಕಾರಿನಲ್ಲಿ ವಾದವಾಯಿತು. ನಾಳಿನ ಪಂಚಾಯತಿಯ ಫಾರ್ಮಿನಲ್ಲಿ ಎರಡು ಯೆಸ್ ಹಾಕುತ್ತೇನೆ ಎಂದೆ, ಕಾಡಿಗೊಂದು, ಜೀವನೋಪಾಯಕ್ಕೊಂದು. ಒಂದು ಯೆಸ್ ಬಿದ್ದರೂ ಕಡತ ಕಮಿಟಿಗೆ ಹೋಗುತ್ತದೆ, ನಾಲ್ಕು ತಿಂಗಳು ಹೊರಗೆ ಬರುವುದಿಲ್ಲ ಎಂದ ಸುಧಾಕರ. ಸೋಮವಾರದ ಕಾರ್ಯಕ್ರಮಕ್ಕೆ ಆಹ್ವಾನ ಹೋಗಿದೆ. "ಅಲ್ಲದೆ ಮೇಡಂ, ಆ ಹೆಂಗಸಿಗೆ ಆ ಪುಟ ಬೇಕು. ನೀವು ಮುಚ್ಚಿದ್ರೆ ಅವರ ಹಿಯರಿಂಗ್ ಗತಿ ಏನು?"

ಪುಟ ತೆರೆದರೆ ಮಾದೇವಿಯ ಮರ ಹೋಗುತ್ತದೆ, ಮುಚ್ಚಿದರೆ ಮನೆ ಹೋಗಬಹುದು. ಫಾರ್ಮಿನಲ್ಲಿ ಇದಕ್ಕೆ ಚೌಕವಿಲ್ಲ. ಆ ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಬೇಗ ಮಲಗಿದೆ. ಹಿಂದೆ ಇಂಥದ್ದಕ್ಕೆ ನಿದ್ದೆ ಬರುತ್ತಿರಲಿಲ್ಲ. ಈಗ ಬರುತ್ತದೆ, ಅದೇ ಬೇಸರ.

ಮೂರನೆಯ ದಿನ ಸಿದ್ದಾಪುರ ತಾಲ್ಲೂಕು. ನಾವು ಬರುವುದನ್ನು ಪಂಚಾಯತಿಯಲ್ಲಿ ಕೇಳಿ ತಿಳಿದು, ಮಾದೇವಿ ಟಾರು ರಸ್ತೆಗೇ ಬಂದು ಕಾಯುತ್ತಿದ್ದಳು. ಐವತ್ತು ಸಮೀಪಿಸಿದ, ಒಣಗಿದ ಗಟ್ಟಿ ಮೈಕಟ್ಟಿನ ಹೆಂಗಸು. ಕಂಕುಳಲ್ಲಿ ಬೆತ್ತದ ಬುಟ್ಟಿ.

"ನೀವೇನ್ರಾ ಕಂಪ್ಯೂಟರಿನವ್ರು? ನನ್ನ ಹಾಳೆ ಬಂತಾ?"

"ಇನ್ನೂ ಇಲ್ಲ. ಅದನ್ನು ನೋಡೋದಕ್ಕೇ ಬಂದಿದ್ದೇವೆ."

"ಹಾಳೆ ನೋಡೂಕೆ ಇಲ್ಲಿತನ ಬರ್ಬೇಕಾ? ಬನ್ನಿ, ಮರನೇ ನೋಡ್ವಿರಂತೆ. ಅಮ್ಮಂಗೆ ನಡೆಯೂಕೆ ಆಗ್ತದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇಲಿಯಿಂದ ಒಂದು ಕೋಲು ಎಳೆದು ನನ್ನ ಕೈಗೆ ಕೊಟ್ಟಳು.

ದಣಪೆ ಎಂದರೆ ಬೇಲಿಯ ನಡುವೆ ಅಡ್ಡಗಳು ಇಟ್ಟ ದಾರಿ; ಅದನ್ನು ದಾಟಿಸುವಾಗ ಒಂದು ಕಡೆ ಆಕೆ, ಒಂದು ಕಡೆ ಇಮ್ತಿಯಾಜ್ ಹಿಡಿದರು. ಸಂಕ ಎಂದರೆ ಎರಡು ಅಡಿಕೆ ಮರದ ದಬ್ಬೆ, ಹಿಡಿಯಲು ಒಂದು ಬಿದಿರು. ನಾನು ಕೂತು ಜಾರಿಕೊಂಡೇ ದಾಟಿದೆ. "ಸ್ಕೂಲಿನ ಜಾರುಬಂಡಿ ನೆನಪಾಯ್ತಾ ಮೇಡಂ?" ಎಂದರು ಇಮ್ತಿಯಾಜ್. ನೂರು ಹೆಜ್ಜೆಯಲ್ಲಿ ಮರಗಳು ಬಂದವು. ಏಪ್ರಿಲ್ಲಿನಲ್ಲೂ ನೆಲ ಒದ್ದೆ. ಬೇರುಗಳು ಮಂಡಿಯಂತೆ ಮಡಿಸಿಕೊಂಡು ಕೆಸರಿನಿಂದ ಮೇಲೆ ಎದ್ದಿದ್ದವು. ಕೆಳಗೆ ಒಡೆದ ಕಾಯಿಗಳು, ಒಳಗೆ ಆ ಕೆಂಪು.

ಮಾದೇವಿ ಬಗ್ಗಿ ಹೆಕ್ಕುತ್ತಲೇ ಮಾತಾಡಿದಳು. "ಇದು ಗಂಡು, ಕಾಯಿ ಬಿಡೂದಿಲ್ಲ. ದಂಡಕ್ಕೆ ಎಂತಕೆ ಬರೆಸ್ತಿ ಅಂದ್ರು ಟೀಚರು. ಇದಿಲ್ದೆ ಅವೆರಡಕ್ಕೆ ಕಾಯಿ ಎಲ್ಲಿಂದ ಬತ್ತದೆ ಟೀಚರೇ ಅಂದೆ. ನಕ್ಕು ಬರ್ಕೊಂಡ್ರು." ಬೀಳುವ ಮೊದಲ ಕಾಯಿಗಳನ್ನು ಹೆಕ್ಕುವುದಿಲ್ಲವಂತೆ, ಅವು ಮಂಗಟ್ಟೆ ಹಕ್ಕಿಗೆ. ಒಳಗೆ ಹೋಗುವಾಗ ದಾರಿಯ ಬಾಯಲ್ಲಿ ಸೊಪ್ಪು ಮುರಿದಿಟ್ಟರೆ, ಇನ್ನೊಬ್ಬರು ಆ ದಿನ ಬರುವುದಿಲ್ಲವಂತೆ. "ಇಷ್ಟೇ ಅಲ್ಲ ಅಮ್ಮಾ, ಇನ್ನೂ ದೊಡ್ಡ ಮರಗೋಳು ಬೇರೆ ಕಡೆ ಅದಾವೆ. ಅವು ಬರೆಸೂಕೆ ಟೀಚರಿಗೆ ಟೈಮ್ ಆಗ್ಲಿಲ್ಲ, ವರ್ಗ ಆಗಿ ಹೋದ್ರು. ನೀವು ಇನ್ನೊಂದಿನ ಬನ್ನಿ, ಅದನ್ನೂ ತೋರಿಸ್ತೀನಿ, ಬರ್ಕಳಿ."

ಇಷ್ಟು ಕೇಳಿದ ಮೇಲೆ ಹೇಳದೆ ಇರುವುದು ಸಾಧ್ಯವಿರಲಿಲ್ಲ. ಒಂದು ಬೇರಿನ ಮೇಲೆ ಕೂತು, ಯಲ್ಲಾಪುರದ ಕಥೆಯನ್ನು ಹೇಳಿದೆ. ಹಾಳೆ, ಪಿಕಪ್, ಮುರಿದ ಸಂಕ, ಮಜ್ಜಿಗೆ. ನನ್ನ ಸಹಿಯನ್ನೂ ಹೇಳಿದೆ. ಸುಧಾಕರ ಫೋಟೋ ತೋರಿಸಿದ. ಆಕೆ ಫೋನನ್ನು ಕೈಗೆ ತೆಗೆದುಕೊಳ್ಳಲಿಲ್ಲ, ಬಗ್ಗಿ ನೋಡಿದಳು. ಹೆಕ್ಕುವುದನ್ನು ನಿಲ್ಲಿಸಿದಳು.

"ಪಾಪ ಭಟ್ರು," ಎಂದಳು ಕೊನೆಗೆ. "ದಾರಿ ಕೇಳಿದ್ರೆ ಹೇಳ್ದೆ ಇರೂಕೆ ಆಗ್ತದಾ?"

ಆಮೇಲೆ ಕೇಳಿದಳು: "ಹಂಗಾರೆ ನನ್ನ ಹಾಳೆ ಬರೂದಿಲ್ಲ?"

"ಹೆಸರು ಬರಲಿ, ಜಾಗ ಬೇಡ ಎಂದು ಬರೆಯುತ್ತೇನೆ."

"ನೀವು ಬರೆದ್ರೆ ಅವ್ರು ಹಂಗೇ ಮಾಡ್ತಾರಾ?"

ನಾನು ಸುಧಾಕರನ ಕಡೆ ನೋಡಿದೆ. ಅವನು ಫೋನು ಹಿಡಿದು ಸಿಗ್ನಲ್ ಹುಡುಕುತ್ತ ರಸ್ತೆಯ ಕಡೆ ನಡೆದ. ಪಂಚಾಯತಿ ಕಚೇರಿ ಮುಟ್ಟುವಷ್ಟರಲ್ಲಿ ಮೇಲಿನವರ ಉತ್ತರ ಬಂದಿತ್ತು. ಹೆಸರು ಇಟ್ಟು ಜಾಗ ತೆಗೆಯುವ ವ್ಯವಸ್ಥೆ ಸಾಫ್ಟ್‌ವೇರಿನಲ್ಲಿ ಇಲ್ಲ. ಯೆಸ್ ಬೀಳುವುದಾದರೆ ಈ ಪಂಚಾಯತಿಯ ರಿಜಿಸ್ಟರನ್ನೇ ಪಟ್ಟಿಯಿಂದ ಬಿಡಿ. ಸೋಮವಾರ ಬನವಾಸಿ ದಾರಿಯದನ್ನು ಲಾಂಚ್ ಮಾಡೋಣ.

"ಬಂಗಡೆಯದ್ದನ್ನಾ?" ಎಂದೆ.

"ಅದಕ್ಕೆ ನೀವೇ ನೋ ರಿಸ್ಕ್ ಅಂತ ಕೊಟ್ಟಿದ್ದೀರಲ್ಲ ಮೇಡಂ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅವನಿಗೂ ಸಾಕಾಗಿತ್ತು.

ನಾನು ಎರಡು ಯೆಸ್ ಟಿಕ್ ಹಾಕಿ ಸಹಿ ಮಾಡಿದೆ. ಮಾದೇವಿ ಬುಟ್ಟಿ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತು, ಯಾರು ಏನು ಮಾಡುತ್ತಾರೆಂದು ನೋಡುತ್ತಿದ್ದಳು. ಕಾರ್ಯದರ್ಶಿ ಇಲ್ಲಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಆಕೆಯೇ ಒಂದು ಮಾತು ತೆಗೆದಳು. "ಕಂಪ್ಯೂಟರಿಗೆ ಹೋಗ್ದಿದ್ರೆ ಹೋಗ್ದೇ ಇರ್ಲಿ. ಪಂಚಾಯತಿ ದಾಖಲೆಯ ನಕಲು ಕೇಳಿದ್ರೆ ನಾನು ಕೊಡಬಹುದಲ್ಲ?"

ಬೀರು ತೆರೆಯಿತು. ರಿಜಿಸ್ಟರನ್ನು ಕಚೇರಿಯ ಜೆರಾಕ್ಸ್ ಯಂತ್ರದ ಮೇಲೆ ಮಗುಚಿಡುವ ಮೊದಲು ಒಂದು ಬಿಳಿ ಕ್ಯಾಲೆಂಡರ್ ಹಾಳೆಯನ್ನು ಉದ್ದಕ್ಕೆ ಕತ್ತರಿಸಿ 'ಜಾಗ' ಎಂಬ ಕಾಲಮ್ಮಿನ ಮೇಲೆ ಇಟ್ಟೆವು. ಮೊದಲ ಸಲ ಪಟ್ಟಿ ಜಾರಿ ದಣಪೆಯೂ ಸಂಕವೂ ಅರ್ಧ ಕಂಡವು; ಆ ನಕಲನ್ನು ಮಾದೇವಿ ಕೈಯೊಡ್ಡಿ ಇಸಿದುಕೊಂಡು ಚೂರುಚೂರು ಮಾಡಿದಳು. ಎರಡನೆಯ ಸಲ ಸುಧಾಕರ ಪಟ್ಟಿಯ ಎರಡೂ ತುದಿಗೆ ಟೇಪು ಅಂಟಿಸಿದ. ಸರಿಯಾಗಿ ಬಂತು. ಹೆಸರಿತ್ತು, ಅತ್ತೆಯ ಅತ್ತೆ ಇದ್ದಳು, ನಡುವೆ ಉದ್ದಕ್ಕೆ ಬಿಳಿ. "ಜಾಗದ ವಿವರ ಮುಚ್ಚಲಾಗಿದೆ, ಮೂಲ ದಾಖಲೆ ಕಚೇರಿಯಲ್ಲಿದೆ" ಎಂದು ಕಾರ್ಯದರ್ಶಿ ಕೆಳಗೆ ಬರೆದು, ಸಹಿ ಹಾಕಿ, ಸೀಲು ಒತ್ತಿದಳು. ಮಾದೇವಿ ಸೀಲಿನ ಶಾಯಿ ಒಣಗುವತನಕ ಊದಿದಳು.

"ಇಷ್ಟು ಸಾಕಾಗ್ತದಾ ಅಮ್ಮಾ?"

"ಗೊತ್ತಿಲ್ಲ ಮಾದೇವಿ," ಎಂದೆ. ಅದು ನಿಜ. ಹಿಂದಿನ ಸಲದ ಹಾಗೆ ಗೊತ್ತಿಲ್ಲದ್ದಕ್ಕೆ ಟಿಕ್ ಹಾಕಲಿಲ್ಲ ಎಂಬುದಷ್ಟೇ ನನ್ನ ಸಮಾಧಾನ. ಬಹಳ ದಿನಗಳ ಮೇಲೆ ಕಾರ್ಯದರ್ಶಿ ಫೋನಿನಲ್ಲಿ ಹೇಳಿದಳು: ವಿಚಾರಣೆ ಮುಂದಕ್ಕೆ ಹೋಗಿದೆ, ಹಾಳೆಯನ್ನು ಫೈಲಿಗೆ ಸೇರಿಸಿಕೊಂಡಿದ್ದಾರೆ, ನಡುವಿನ ಬಿಳಿ ಏನೆಂದು ಸಾಹೇಬರು ಕೇಳಿದರಂತೆ. ಮಾದೇವಿ ಏನು ಹೇಳಿದಳೆಂದು ಆಕೆಗೂ ತಿಳಿದಿರಲಿಲ್ಲ.

ಮಾದೇವಿಯನ್ನು ನಾನು ಕೊನೆಯ ಸಲ ನೋಡಿದ್ದು ನಕಲು ತೆಗೆಸಿದ ದಿನವೇ, ಮಧ್ಯಾಹ್ನ ಮೂರರ ಸುಮಾರಿಗೆ. ನಾವು ಶಿರಸಿಗೆ ಹೊರಟಾಗ ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡೆವು. ಮನೆಯ ದಾರಿ ಬಂದಾಗ ಇಳಿಯಲಿಲ್ಲ, ಇನ್ನೂ ಸ್ವಲ್ಪ ಮುಂದೆ ಎಂದಳು. ಮನೆಯೇ ಇಲ್ಲದ, ಎರಡೂ ಕಡೆ ಬರೀ ಕಾಡಿರುವ ಒಂದು ಕಡೆ "ಇಲ್ಲೇ ನಿಲ್ಸಿ" ಎಂದಳು. ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಎತ್ತಿಕೊಂಡು ಇಳಿದಳು. ಬುಟ್ಟಿಯಲ್ಲಿ ತಳ ಮುಚ್ಚುವಷ್ಟೂ ಕಾಯಿ ಇರಲಿಲ್ಲ. ಅವಳಿಗೆ ಇನ್ನೂ ಕೆಲಸವಿತ್ತು.

"ಹೋಗಿ ಬರ್ತೇವೆ," ಎಂದೆ.

"ಹೂಂ, ಬನ್ನಿ."

ಒಂಟಿ ಹೆಂಗಸು, ಅವಳು ದಾರಿ ಹಿಡಿಯಲಿ ಎಂದು ನಾವು ನಿಂತೆವು. ಅವಳೂ ನಿಂತಳು. ನೆಂಟರು ಹೊರಡುವತನಕ ನಿಲ್ಲುವುದು ಈ ಕಡೆಯ ರೀತಿ, ಅದಕ್ಕೇ ಇರಬೇಕು ಎಂದುಕೊಂಡೆ. "ಬಿಸಿಲು, ನೀನು ಹೋಗು," ಎಂದು ಕಿಟಕಿಯಿಂದ ಕೈ ಮಾಡಿದೆ. ಆಗಲೇ 'ನೀನು' ಎನ್ನುವಷ್ಟು ಹತ್ತಿರವಾಗಿದ್ದಳು. ಮಾದೇವಿ ನಕ್ಕಳು, ಕದಲಲಿಲ್ಲ. ಇನ್ನೊಂದು ದಿನ ಬನ್ನಿ, ಬರೆಸದೆ ಉಳಿದ ದೊಡ್ಡ ಮರಗಳನ್ನೂ ತೋರಿಸುತ್ತೇನೆ ಎಂದು ಬೆಳಿಗ್ಗೆ ಕರೆದಿದ್ದವಳು, ಈಗ ಆ ಮಾತು ಎತ್ತಲಿಲ್ಲ.

"ಚಲಿಯೇ ಮೇಡಂ," ಎಂದರು ಇಮ್ತಿಯಾಜ್ ಮೆಲ್ಲಗೆ, ಗೇರು ಹಾಕುತ್ತ. "ನಾವು ಹೋಗೋತನಕ ಅವ್ರು ಹೋಗಲ್ಲ."

ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ರಸ್ತೆಯ ಅಂಚಿನಲ್ಲಿ ನಮ್ಮ ಕಾರಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಕಾರು ತಿರುವಿಗೆ ಬರುವತನಕ ಮಾದೇವಿ ಒಂದು ಹೆಜ್ಜೆಯನ್ನೂ ಎತ್ತಿಡಲಿಲ್ಲ.